ಕಪಾಟಿನ ಮೇಲೆ ಗಿಟಾರ್ ಉಂಟಾ? ಕಾಸರಗೋಡಿನ ಈ ಕ್ಲಾಸ್ ಅಡ್ಡಿಯಿಲ್ಲ

ಹಳೆ ಬಸ್‌ಸ್ಟ್ಯಾಂಡಿನ ಹತ್ರ ಒಂದು ಬಿಲ್ಡಿಂಗಿನ ಮೇಲೆ ಆದಿತ್ಯವಾರ ಬೆಳಿಗ್ಗೆ ಗಿಟಾರ್ ಕ್ಲಾಸ್ ಆಗ್ತದೆ, ಹೇಗುಂಟು ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಬರೀತಿದ್ದೇನೆ. ಒಂದು ತಿಂಗಳಲ್ಲಿ ನಾಲ್ಕು ಹಾಡು ಕಲಿತು ಮದುವೆ ಮನೆಯಲ್ಲಿ ಬಾರಿಸ್ಬೇಕು ಅಂತ ಇರುವವರು ಹೋಗುದು ಬೇಡ. ಕಾಲೇಜಲ್ಲಿರುವಾಗ ಗಿಟಾರ್ ತಗೊಂಡು, ಜಿ ಸಿ ಡಿ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಕಲಿತು, ಮತ್ತೆ ಕೆಲಸ ಸಂಸಾರ ಅಂತ ಅದನ್ನು ಕಪಾಟಿನ ಮೇಲೆ ಹಾಕಿ, ಈಗ ತೆಗೆದ್ರೂ ಅದೇ ಹಳೆ ಹಾಡು ಬಾರಿಸಿ ಬೋರಾಗಿ ಪುನಃ ಮೇಲೆ ಇಡುವವರು ಉಂಟಲ್ಲ, ನನ್ನ ಹಾಗೆ, ಅವರಿಗೆ ಹೇಳಿ ಮಾಡಿಸಿದ ಜಾಗ.

ಹೋದ ಕೂಡ್ಲೆ ಮಾಷ್ಟ್ರು ಗಿಟಾರ್ ಇಸ್ಕೊಂಡು ಒಂದೊಂದೇ ತಂತಿಯನ್ನು ಮೂರನೇ ಫ್ರೆಟ್ಟಲ್ಲಿ (ಗಿಟಾರಿನ ಕುತ್ತಿಗೆಗೆ ಅಡ್ಡ ಕೂರಿಸಿದ ಸರಿಗೆ) ಒತ್ತಿ, ಒಂದನೇ ಫ್ರೆಟ್ಟಿನ ಮೇಲೆ ಎಷ್ಟು ಗ್ಯಾಪ್ ಉಂಟು ನೋಡ್ತಾರೆ. ಕೂದಲೆಳೆಯಷ್ಟು ಇದ್ರೆ ಸಾಕು, ಜಾಸ್ತಿ ಇದ್ರೆ ನಟ್ (ಗಿಟಾರಿನ ತಲೆಯ ಹತ್ರ ತಂತಿ ಕೂರುವ ಸಣ್ಣ ಪಟ್ಟಿ) ಎತ್ತರ ಅಂತ ಲೆಕ್ಕ, ಹಾಗಿದ್ರೆ ಒಂದೇ ಬೆರಳನ್ನು ಎಲ್ಲ ತಂತಿಯ ಮೇಲೆ ಅಡ್ಡ ಒತ್ತಿ ಎಫ್ ಕಾರ್ಡ್ ಹಿಡಿಯುವಾಗ ಬೆರಳಿನ ಜೀವ ಹೋಗ್ತದೆ. ನಮ್ಮ ಕಡೆ ಮಳೆಗಾಲದ ತಂಡಿಗೆ ಮರ ಉಬ್ಬಿ ತಂತಿ ಮೇಲೆ ಬರುದು ಬೇರೆ, ಕಡಲ ಗಾಳಿಗೆ ತುಕ್ಕು ಬೇರೆ. ನನ್ನಿಂದ ಆಗುದಿಲ್ಲ ಅಂತ ಬಿಟ್ಟವರಲ್ಲಿ ಎಷ್ಟೋ ಜನರಿಗೆ ತೊಂದ್ರೆ ಇದ್ದದ್ದು ಗಿಟಾರಲ್ಲಿ ಮಾರಾಯ್ರೆ! ಮಾಷ್ಟ್ರೇ ಸಣ್ಣ ಅರ ಹಿಡಿದು ನಟ್ ಉಜ್ಜಿ ಸರಿ ಮಾಡಿ ಕೊಡ್ತಾರೆ, ಹೊಸ ತಂತಿಯ ದುಡ್ಡು ಮಾತ್ರ ತಗೊಳ್ತಾರೆ.

ಶುರುವಿಗೆ ಹಾಡೇ ಇಲ್ಲ. ಅವರು ಮೊದಲು ಕಲಿತದ್ದು ಕರ್ನಾಟಕ ಸಂಗೀತ ಅಂತೆ, ಹಾಗಾಗಿ ಸೀದಾ ಸರಳೆ ವರಸೆ, ಅಂದ್ರೆ ಸ ರಿ ಗ ಮ ಕಲಿಸುವ ಮೊದಲ ಪಾಠ. ಒಂದೇ ತಂತಿಯಲ್ಲಿ ಮಾಯಾಮಾಳವಗೌಳ ರಾಗ: ಖಾಲಿ ತಂತಿ ಸ, ಒಂದನೇ ಫ್ರೆಟ್ ರಿ, 4 ಗ, 5 ಮ, 7 ಪ, 8 ದ, 11 ನಿ, 12 ಮೇಲಿನ ಸ. ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಒಂದು ಟಿಕ್ಕಿಗೆ ಒಂದು ಸ್ವರ, ಮತ್ತೆ ಎರಡು, ಮತ್ತೆ ನಾಲ್ಕು, ಅಂದ್ರೆ ಮೂರು ಕಾಲ, ಮೂರು ವೇಗ. ಪುರಂದರದಾಸರು ಹಾಕಿಕೊಟ್ಟ ಪಾಠ ಅಂತ ಹೇಳುದಲ್ವಾ, ಅದು ಗಿಟಾರಿನ ಮೇಲೆ ಬಂದು ಕೂತದ್ದು ನೋಡಿ ನನಗೆ ಮೊದಲು ನಗು ಬಂತು. ಆದ್ರೆ ಒಂದನೇ ಕಾಲದಲ್ಲಿ ನಿಧಾನ ಬಾರಿಸುವಾಗ ಎಂತ ಆಗ್ತದೆ ಅಂದ್ರೆ ಒಂದೊಂದು ಸ್ವರ ಬೇರೆ ಬೇರೆ ಕೇಳ್ತದೆ, ಯಾವ ಬೆರಳು ಫ್ರೆಟ್ಟಿನ ಸರಿಗೆಯಿಂದ ದೂರ ಕೂತು ಬಝ್ ಅಂತದೆ ಅಂತ ಕಿವಿಗೇ ಗೊತ್ತಾಗ್ತದೆ. 1ರಿಂದ 4ಕ್ಕೆ ಕಿರುಬೆರಳು ಚಾಚುವಾಗ ಎಳೀತದೆ, ಅಷ್ಟೇ ಅಂತರ 8ರಿಂದ 11ಕ್ಕೆ ಸಲೀಸು, ಯಾಕಂದ್ರೆ ಮೇಲೆ ಹೋದ ಹಾಗೆ ಫ್ರೆಟ್ ಒತ್ತೊತ್ತಾಗಿ ಬರ್ತದೆ. ಇವತ್ತು ಆ ‘ಗ’ ಸ್ವರ ಸರಿ ಕೇಳ್ಬೇಕು ಅಂತ ಅಷ್ಟೇ ಕೆಲಸ ಇದ್ರೆ ಊಟ ಆದ ಮೇಲೂ ಕೈ ತನ್ನಿಂದ ತಾನೇ ಗಿಟಾರಿಗೆ ಹೋಗ್ತದೆ. ಯಾವ ಹೊಸ ಹಾಡೂ ನನಗೆ ಈ ಹುಚ್ಚು ಹಿಡಿಸಿರ್ಲಿಲ್ಲ.

ಎಫ್ ಕೂಡ ಹಾಗೇ, ಅದೇ ಆಕಾರವನ್ನು ಮೊದಲು ಐದನೇ ಫ್ರೆಟ್ಟಲ್ಲಿ ಹಿಡಿಸ್ತಾರೆ, ಅಲ್ಲಿ ಅದು ಎ ಕಾರ್ಡ್, ಒತ್ತುದು ಸುಲಭ, ಮತ್ತೆ ಒಂದೊಂದೇ ಫ್ರೆಟ್ ಕೆಳಗೆ ಇಳಿಸಿ ಒಂದಕ್ಕೆ ತರುದು.

ಕೊರತೆ ಇಲ್ಲ ಅಂತಲ್ಲ. ಬಲಗೈಯ ಸ್ಟ್ರಮ್ಮಿಂಗಿಗೆ (ತಂತಿಗಳ ಮೇಲೆ ಕೈ ಬೀಸಿ ಬಾರಿಸುದು) ಅವರು ಅಷ್ಟು ಗಮನ ಕೊಡುದಿಲ್ಲ, ಕೇಳಿ ಕೇಳಿ ಹೇಳಿಸ್ಕೊಳ್ಬೇಕು. ಸಣ್ಣ ಮಕ್ಕಳೂ ನಾವೂ ಒಟ್ಟಿಗೇ ಕೂರುದು, ಮಾರ್ಚ್ ಏಪ್ರಿಲಲ್ಲಿ ಆ ರೂಮಲ್ಲಿ ಸೆಕೆ ಹೇಳಿ ಸುಖ ಇಲ್ಲ, ಬೆವರಿಗೆ ತಂತಿ ಮೀಟುವ ಪಿಕ್ ಜಾರ್ತದೆ. ಪಾಠ ಜಾಸ್ತಿ ಮಲಯಾಳದಲ್ಲಿ, ಆದ್ರೆ ನಮ್ಮ ಮುಖ ನೋಡಿದ ಕೂಡ್ಲೆ ಕನ್ನಡಕ್ಕೆ ತಿರುಗ್ತಾರೆ, ತುಳುವೂ ಬರ್ತದೆ. ಫೀಸ್ ತಿಂಗಳಿಗೆ ಸಾವಿರದ ಒಳಗೆ. ಬೈಕಾದ್ರೆ ತೊಂದ್ರೆ ಇಲ್ಲ, ಕಾರ್ ತರುವವರು ಹತ್ತು ನಿಮಿಷ ಮೊದಲೇ ಬನ್ನಿ. ನಿಮ್ಮ ಗಿಟಾರಿನ ತಂತಿ ಎಷ್ಟೇ ಹಳತಾಗಿರ್ಲಿ, ಬದಲಿಸದೆ ಹಾಗೇ ತನ್ನಿ, ಮೊದಲು ಅವರು ನೋಡ್ಲಿ.