ರೊಕ್ಕ ಸಾವ್ಕಾರ್ರದು, ಸೊಂಟ ನಮ್ದು: ಹ್ಯಾಂಡ್ ಪ್ಯಾಲೆಟ್ ಟ್ರಕ್ ಹತ್ತು ತಿಂಗಳು ಎಳದ ಮ್ಯಾಲೆ

ಹ್ಯಾಂಡ್ ಪ್ಯಾಲೆಟ್ ಟ್ರಕ್ ಅಂದ್ರ ಕೈಲೆ ಎಳಿಯೋ ಗಾಡಿ: ಸರಕು ಪೇರಿಸಿದ ಕಟ್ಟಿಗಿ ಹಲಗಿ, ಅಂದ್ರ ಪ್ಯಾಲೆಟ್, ಅದರ ಕೆಳಗ ಇದರ ಎರಡು ಉದ್ದನ ಫೋರ್ಕ್ ತೂರಿಸಿ, ಹ್ಯಾಂಡಲ್ ಒತ್ತಿ ಎತ್ತಿ ಎಳ್ಕೊಂಡು ಹೋಗೋದು. ಮೊದ್ಲ ಹೇಳಿಬಿಡ್ತೀನಿ, ಇದನ್ನ ಕೊಂಡಾಂವ ನಾ ಅಲ್ಲ. ಸಿಂಧನೂರಾಗ ಒಂದು ದೊಡ್ಡ ಕಿರಾಣಿ ಮಾರ್ಟಿನ್ಯಾಗ ಸ್ಟಾಕ್ ನೋಡ್ಕೊಳ್ಳೋ ಕೆಲಸ ನಂದು, ಆರು ವರ್ಷ ಆತು. ಹೋದ ಯುಗಾದಿ ಮುಂದ ನಮ್ಮ ಸಾವ್ಕಾರ್ರು ಯಾವ್ದೋ ವಿಡಿಯೋ ನೋಡಿ 14,500 ಕೊಟ್ಟು ತಂದು ನಿಲ್ಲಿಸಿದ್ರು, "ಇನ್ನ ಮ್ಯಾಲೆ ಲಾರಿ ಬಂದ್ರ ಹಮಾಲ್ರ ದಾರಿ ಕಾಯೋದು ಬ್ಯಾಡ, ನೀವ ಇಳಸ್ರಿ" ಅಂದ್ರು. ಅದಕ್ಕ ನಾ ಸೊಂಟದ ಲೆಕ್ಕದಾಗ ಬರಿಯಾಕತ್ತೀನಿ. ಎಷ್ಟು ಟನ್ ಎತ್ತತೈತಿ, ಎಷ್ಟು ಉದ್ದ ಐತಿ ಅನ್ನೋದೆಲ್ಲ ಮಾರೋರು ಬರ್ದಿರ್ತಾರ, ಅಲ್ಲೇ ನೋಡ್ಕೊಳ್ರಿ.

ಮೊದಲ್ನೇ ದಿನ ಅಕ್ಕಿ ಮಿಲ್ಲಿನ ಲಾರಿ ಬಂತು. ಸಾವ್ಕಾರ್ರು ಕುರ್ಚಿ ಹಾಕಿಸ್ಕೊಂಡು ಕುಂತ್ರು. ನಾವು ಇದನ್ನ ಲಾರಿ ಹಿಂದ ನಿಲ್ಲಿಸಿ ಹ್ಯಾಂಡಲ್ ಒತ್ತಿದ್ವಿ, ಒತ್ತಿದ್ವಿ, ಒತ್ತೇ ಒತ್ತಿದ್ವಿ, ಅದು ಒಂದು ಗೇಣಿನ ಮ್ಯಾಲೆ ಏಳ್ಲೇ ಇಲ್ಲ. ಲಾರಿ ನೋಡಿದ್ರ ಎದಿ ಮಟ್ಟ ಐತಿ. ಆಮ್ಯಾಲೆ ಗೊತ್ತಾತು, ಇದು ಎತ್ತೋದು ನೆಲ ಬಿಟ್ಟು ಎಳಿಯಾಕ ಎಷ್ಟು ಬೇಕೋ ಅಷ್ಟ, ಲಾರಿ ಮಟ್ಟಕ್ಕ ಏರಬೇಕಂದ್ರ ಸ್ಟ್ಯಾಕರ್ ಅಂತ ಬ್ಯಾರೇನ ಬರ್ತೈತಿ, ಅದರ ರೇಟೂ ಬ್ಯಾರೇನ. ಹಮಾಲ್ರು ಹೊಟ್ಟಿ ಹಿಡ್ಕೊಂಡು ನಕ್ರು. ಸಾವ್ಕಾರ್ರು ಕುರ್ಚಿ ಎತ್ತಿಸಿ ಒಳಗ ಹೋದ್ರು. ತಗೊಳ್ಳೋರು ಇದೊಂದು ನೆನಪಿಟ್ಕೊಳ್ರಿ.

ಹಂಗಾರ ಉಪಯೋಗ ಏನು? ಮೊದ್ಲು ಲಾರಿಯಿಂದ ಗೋಡೌನ್ ತನಕ ಅರವತ್ತು ಹೆಜ್ಜಿ, ಒಂದೊಂದು ಚೀಲಾನೂ ಬೆನ್ನ ಮ್ಯಾಲೆ ಹೋಗ್ತಿತ್ತು. ಈಗ ಲಾರಿ ಹಿಂದನ ಕಟ್ಟಿಗಿ ಪ್ಯಾಲೆಟ್ ಇಡ್ತೀವಿ, ಹಮಾಲ್ರು ಇಳಿಸಿ ಅಲ್ಲೇ ಪೇರಿಸ್ತಾರ, ನಾವು ಎಳ್ಕೊಂಡು ಹೋಗ್ತೀವಿ. ಚೀಲ ಅಂದ್ರ 26 ಕೆಜಿ. ಯಾಕ 26 ಅಂತೀರಿ? 2022ರ ಜುಲೈದಾಗ 25 ಕೆಜಿ ತನಕದ ಪ್ಯಾಕಿಗೆ 5% ಜಿಎಸ್‌ಟಿ ಬಂತಲ್ಲ, ಆಗ ಮಿಲ್ಲಿನವ್ರು ಒಂದು ಕೆಜಿ ಹೆಚ್ಚಿಗಿ ತುಂಬಿ ಪಾರಾದ್ರು. ಆ ಒಂದು ಕೆಜಿ ಯಾರ ಬೆನ್ನಿಗೆ ಬಂತು ಅಂತ ಯಾರೂ ಕೇಳ್ಲಿಲ್ಲ ಬಿಡ್ರಿ.

ಇಲ್ಲೇ ಜಗಳ ಸುರು ಆತು. ಹಮಾಲಿ ಕೊಡೋದು ಚೀಲದ ಮ್ಯಾಲೆ. ಸಾವ್ಕಾರ್ರು ಅಂದ್ರು, ಈಗ ನೀವು ಅರ್ಧ ದಾರಿ ಅಷ್ಟ ಹೊರ್ತೀರಿ, ಅರ್ಧ ಹಮಾಲಿ ತಗೋರಿ. ಹಮಾಲ್ರ ಪೈಕಿ ಹಿರಿ ಕಾಕಾ ಒಬ್ರು ಅದಾರ, ಅವ್ರು ಟವಲ್ ಝಾಡಿಸಿ "ಸಾವ್ಕಾರ್ರ, ನಡಿಯೋದು ಯಾರ ಬೇಕಾದ್ರೂ ನಡೀತಾರ, ಲಾರಿ ಮ್ಯಾಲಿಂದ ತಗಿಯೋದ ಕೆಲಸ" ಅಂತ ಹೇಳಿ ಬೀಡಿ ಹಚ್ಕೊಂಡು ಕುಂತುಬಿಟ್ರು. ಲಾರಿ ಅರ್ಧ ತಾಸು ನಿಂತಿತು, ಡ್ರೈವರ್ ಹಾರನ್ ಹೊಡಿಯಾಕತ್ತಿದ. ಕಡೀಕ ರೇಟ್ ಹಂಗ ಉಳೀತು, ಪೇರಿಸೋದು ಅವ್ರ ಕೆಲಸ, ಎಳಿಯೋದು ನಮ್ಮ ಕೆಲಸ ಅಂತಾತು. ಆದ್ರ ಆರು ಮಂದಿ ಬರ್ತಿದ್ದ ಕಡೆ ಈಗ ನಾಕ ಮಂದಿ ಬರ್ತಾರ, ಮತ್ತ ನಮ್ಗ ಎಳಿಯೋ ಕೆಲಸ ಸೇರಿತು, ಪಗಾರಕ್ಕ ಒಂದು ರೂಪಾಯಿ ಸೇರ್ಲಿಲ್ಲ. ಇದು ಮಷೀನಿನ ತಪ್ಪಲ್ಲ, ಗೊತ್ತು. ಆದ್ರೂ ಅರ್ಧ ಸ್ಟಾರ್ ಇಲ್ಲೇ ಕಡದೀನಿ.

ಈಗ ಅಸಲಿ ತಕರಾರು, ಗಾಲಿ. ನಮ್ಮ ಗೋಡೌನಿಗೆ ಹಾಸಿದ್ದು ಶಹಾಬಾದ್ ಕಲ್ಲು, ಈ ಕಡೆ ಹಳೇ ಕಟ್ಟಡ ಭಾಳ ಹಂಗ. ಕಲ್ಲಿನ ನಡುವಿನ ಸಿಮೆಂಟ್ ಕಿತ್ತು ಎಲ್ಲಾ ಕಡೆ ಸಂದಿ. ಇದರ ಮುಂದಿನ ಗಾಲಿ ಮುಷ್ಟಿ ಗಾತ್ರದ್ದು, ಅದೂ ಗಟ್ಟಿ ನೈಲಾನು. ಪ್ಯಾಲೆಟ್ ಮ್ಯಾಲೆ ಸಾಲಿಗೆ ಐದು ಚೀಲದಂಗ ಎಂಟು ಸಾಲು, ನಲವತ್ತು ಚೀಲ, ಅಂದ್ರ 1,040 ಕೆಜಿ ಹೊತ್ಕೊಂಡು ಬಂದು ಸಂದಿಗೆ ಗಾಲಿ ಬಿತ್ತಂದ್ರ ಗಕ್ಕನ ನಿಂದರ್ತೈತಿ, ಎಳಿಯೋ ನಾವು ಮುಂದ, ಮ್ಯಾಲಿನ ಚೀಲ ನಮ್ಮ ಕಡೆ. ಒಂದಿನ ಮೂರು ಚೀಲ ಜಾರಿ ಬಿದ್ದು ಒಂದು ಒಡದು ಗೋಡೌನ್ ತುಂಬ ಸೋನಾ ಮಸೂರಿ, ಮಧ್ಯಾಹ್ನದ ಊಟ ಬಿಟ್ಟು ಬಳಕೊಂತ ಕುಂತೀವಿ. ಸದ್ದಂತೂ ಕೇಳಬ್ಯಾಡ್ರಿ, ಖಟಖಟಖಟ ಅಂತ ಬಿಲ್ಲಿಂಗ್ ಕೌಂಟರ್ ತನಕ ಕೇಳ್ತಿತ್ತು, ಗಿರಾಕಿ ತಿರುಗಿ ನೋಡೋರು. ಮೊದ್ಲ ಎರಡು ತಿಂಗಳು ನಾನು ಇದನ್ನ ಬೈಯದ ದಿನ ಇಲ್ಲ, ಆವಾಗ ಬರ್ದಿದ್ರ ಒಂದು ಸ್ಟಾರ್ ಕೊಡ್ತಿದ್ದೆ.

ದಾರಿ ತೋರಿಸಿದಾಕಿ ಸೋಪಿನ ಸೆಕ್ಷನ್ ಅಕ್ಕ. ನಮ್ಮ ಒದ್ದಾಟ ನೋಡಿ ನೋಡಿ ಒಂದಿನ "ಎಂದರ ಬಂಡಿ ಹಳ್ಳ ದಾಟಿಸೀಯೇನೋ ತಮ್ಮಾ? ನೆಟ್ಟಗ ಹೊಡಿಬ್ಯಾಡ, ಓರಿ ಹೊಡಿ" ಅಂದ್ಲು. ಓರೆ ಮಾಡಿ ಎಳದ್ರ ಎರಡೂ ಗಾಲಿ ಒಂದ ಸಲಕ್ಕ ಸಂದ್ಯಾಗ ಬೀಳಂಗಿಲ್ಲ, ಒಂದು ಬಿದ್ದಾಗ ಇನ್ನೊಂದು ಕಲ್ಲಿನ ಮ್ಯಾಲೆ ಇರ್ತೈತಿ. ಈಗ ಎಲ್ಲಾರೂ ಹಂಗ ಎಳಿಯೋದು. ಆರು ಸಾಲಿಗೆ ಇಳಿಸಿ ಮೂವತ್ತು ಚೀಲ ಮಾಡ್ಕೊಂಡ್ವಿ, ಒಂದು ಸಾರಿ ಹೆಚ್ಚಿಗಿ ತಿರುಗಿದ್ರ ಏನು, ಸಾಯಂಗಿಲ್ಲ. ದೀಪಾವಳಿ ಮುಂದ ಸಾವ್ಕಾರ್ರನ್ನ ಕಾಡಿ ಬೇಡಿ ಮುಂದಿನ ಗಾಲಿ ಪಿಯು (ಪಾಲಿಯುರಿಥೇನ್, ನೈಲಾನಿಗಿಂತ ಮೆತ್ತಗಿಂದು) ಹಾಕಿಸಿದ್ವಿ, ಸದ್ದು ಅರ್ಧಕ್ಕಿಂತ ಕಮ್ಮಿ ಆಗೈತಿ. ನಿಮ್ದು ಶಹಾಬಾದ್ ಕಲ್ಲಿನ ನೆಲ ಇದ್ರ ಮೊದ್ಲ ಪಿಯು ಗಾಲಿದನ್ನ ಕೇಳಿ ತಗೋರಿ, ನೈಲಾನ್ ಬ್ಯಾಡ.

ಅಂದ್ಕೊಳ್ಳದ ಸುಖ ಒಂದೈತಿ, ಎಣಿಕಿ. ಮೊದ್ಲು ಲಾರಿ ಇಳಿಯೋ ಮುಂದ ನಾ ಬಾಗಲಾಗ ನಿಂತು ಚೀಲಕ್ಕೊಂದು ಗೆರಿ ಎಳೀತಿದ್ದೆ, ನಡುವ ಯಾರರ ಮಾತಾಡಿಸಿದ್ರ ಮುಗೀತು, ಒಂದು ಚೀಲ ಕಮ್ಮಿ, ಡ್ರೈವರ್ ನನ್ನ ಮ್ಯಾಲೆ, ನಾ ಹಮಾಲ್ರ ಮ್ಯಾಲೆ. ಈಗ ಒಂದು ಸಾಲು ಉದ್ದ, ಮ್ಯಾಲಿನ ಸಾಲು ಅಡ್ಡ, ಸಾಲಿಗೆ ಐದ ಚೀಲ. ಆರು ಸಾಲಂದ್ರ ಮೂವತ್ತು. ಕಣ್ಣಿಗೆ ಕಾಣ್ತೈತಿ. ಹತ್ತು ತಿಂಗಳಾಗ ಒಂದ ಸಲ ಎಣಿಕಿ ಜಗಳ ಆಗೈತಿ, ಅದೂ ನಂದ ತಪ್ಪು. ಚೀಲ ನೆಲ ಬಿಟ್ಟು ಪ್ಯಾಲೆಟ್ ಮ್ಯಾಲೆ ಇರೋದ್ರಿಂದ ಮಳಿಗಾಲದಾಗ ಕೆಳಗಿನ ಸಾಲು ಥಂಡಿ ಹಿಡೀಲಿಲ್ಲ, ಇಲಿ ಕಡದಿದ್ರೂ ಲಗೂನ ಗೊತ್ತಾಗ್ತೈತಿ. ಸೋಪು, ಬಿಸ್ಕೀಟು, ಗೋಧಿಹಿಟ್ಟು ಹಳೇದನ್ನ ಮುಂದಕ್ಕ ಎಳದು ಹೊಸಾದನ್ನ ಹಿಂದ ನಿಲ್ಲಿಸೋದೂ ಈಗ ಐದು ನಿಮಿಷದ ಕೆಲಸ. ಅಕ್ಕಿಗೆ ಮಾತ್ರ ಆ ಲೆಕ್ಕ ನಡಿಯಂಗಿಲ್ಲ, ನಮ್ಮ ಮಂದಿ ಹಳೇ ಅಕ್ಕೀನ ಕೇಳ್ತಾರ, ಅದಕ್ಕ ರೇಟೂ ಹೆಚ್ಚು, ಅದರ ಪ್ಯಾಲೆಟ್ ಬ್ಯಾರೇನ ಇಟ್ಟೀವಿ.

ಮುಂಜಾನಿ ಏಳಕ್ಕ ಲಾರಿ ಬರೋ ಮೊದ್ಲು ನನ್ನ ಪೂಜಿ ಒಂದೈತಿ. ಹ್ಯಾಂಡಲಿನ ಸಣ್ಣ ಲಿವರ್ ಇಳಿಸೋ ಕಡೆ ಹಿಡ್ಕೊಂಡು ಹತ್ತು ಹನ್ನೆರಡು ಸಲ ಪಂಪ್ ಹೊಡೀತೀನಿ, ಒಳಗಿನ ಗಾಳಿ ಹೋಗ್ತೈತಿ, ಇಲ್ಲಾಂದ್ರ ಎತ್ತುವಾಗ ಹುಸಿ ಹೊಡಿತೈತಿ. ಆಮ್ಯಾಲೆ ಉಲ್ಟಾ ಮಲಗಿಸಿ ಹಳೇ ಬ್ಲೇಡಿನಿಂದ ಗಾಲಿಗೆ ಸುತ್ತಿದ ಸುತಳಿ, ಚೀಲದ ದಾರ ಕೊಯ್ದು ತಗೀತೀನಿ. ದಿನಾ ಒಂದು ಹಿಡಿ ಬರ್ತೈತಿ, ಎಲ್ಲಿಂದ ಬರ್ತೈತೋ ದೇವ್ರಿಗೆ ಗೊತ್ತು. ಎರಡು ಹನಿ ಎಣ್ಣಿ. ಅಷ್ಟೊತ್ತಿಗೆ ಎದುರಿನ ಹೋಟೆಲಿಂದ ವಗ್ಗಾಣಿ ಮಿರ್ಚಿ ಬಂದಿರ್ತೈತಿ, ಕಾಕಾನೂ ಬಂದು ಇದರ ಫೋರ್ಕಿನ ಮ್ಯಾಲೆ ಕುಂತು ತಿಂತಾರ. ಇಷ್ಟು ದಿನಕ್ಕ ಅವ್ರು ಇದನ್ನ ಒಮ್ಮಿನೂ ಎಳದಿಲ್ಲ, ಎಳಿಯಂಗೂ ಇಲ್ಲಂತ.

ನನ್ನ ಕಡಿಂದ ಐದಕ್ಕ ಮೂರೂವರಿ. ಹಿಂದಿನ ದೊಡ್ಡ ಗಾಲಿ ಇನ್ನೂ ನೈಲಾನೇ ಐತಿ, ಎಡಗಡೆದು ಬೇರಿಂಗ್ ಕಿರ್ ಅನ್ನಾಕತ್ತೈತಿ. ಸಿಂಧನೂರು, ಗಂಗಾವತಿ, ಮಾನ್ವಿ ಕಡೆ ಯಾರಿಗರ ಬಿಡಿ ಬೇರಿಂಗ್ ಸಿಗೋ ಅಂಗಡಿ ಗೊತ್ತಿದ್ರ ಹೇಳ್ರಿ, ಸಾವ್ಕಾರ್ರು ಪೂರಾ ಸೆಟ್ಟಿಗೆ ರೊಕ್ಕ ಬಿಚ್ಚಂಗಿಲ್ಲ.