ನೀರಿನಲ್ಲಿ ಮೂರು ಗ್ರಾಹಕ ಅಣುಗಳು: ಯಾವುದನ್ನು ಯಾವಾಗ ಆರಿಸಬೇಕು?

ತನ್ನ ಪೊಳ್ಳಿನಲ್ಲಿ ಇನ್ನೊಂದು ಅಣುವನ್ನು ಹಿಡಿದಿಡುವ ಅಣುವೇ ಗ್ರಾಹಕ, ಅದರೊಳಗೆ ಕೂರುವುದು ಅತಿಥಿ. ಅತಿಥಿ ಅಣುವನ್ನು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುವ ಗ್ರಾಹಕ ಯಾವುದು? ಈ ಕ್ಷೇತ್ರಕ್ಕೆ ಕಾಲಿಡುವ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಇದು. ಮೂರು ಬಗೆಯ ಗ್ರಾಹಕಗಳನ್ನು ನೀರಿನಲ್ಲಿ ಬಳಸಿ ನೋಡಿರುವ ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆಯೇ ಇದೆ: ನಾವು ಕೆಲಸ ಮಾಡುವ ಸಾರತೆಯಲ್ಲಿ (ಅಂದರೆ ನೀರಿನಲ್ಲಿ ಕರಗಿಸಿದ ಪ್ರಮಾಣದಲ್ಲಿ) ಆ ಗ್ರಾಹಕ ಒಂಟಿಯಾಗಿರುತ್ತದೆಯೋ, ಗುಂಪು ಕಟ್ಟಿಕೊಂಡಿರುತ್ತದೆಯೋ?

ಬೀಟಾ ಸೈಕ್ಲೋಡೆಕ್ಸ್‌ಟ್ರಿನ್‌ನಿಂದ ಆರಂಭಿಸುತ್ತೇನೆ. ಪಿಷ್ಟದಿಂದ ತಯಾರಾಗುವ ಏಳು ಗ್ಲೂಕೋಸ್ ಘಟಕಗಳ ಈ ಉಂಗುರ ಮೂರರಲ್ಲೂ ಅಗ್ಗ. ಕರಗುವುದರಲ್ಲಿ ಮಾತ್ರ ಜಿಪುಣ. ಕೋಣೆಯ ಉಷ್ಣತೆಯಲ್ಲಿ ಲೀಟರ್ ನೀರಿಗೆ ಸುಮಾರು 18 ಗ್ರಾಂ. ಎಂಟು ಗ್ಲೂಕೋಸ್‌ಗಳ ಗಾಮಾ ರೂಪ ಇದರ ಹತ್ತು ಪಟ್ಟಿಗೂ ಹೆಚ್ಚು ಕರಗುತ್ತದೆ. ಬಂಧನ ನಡೆಯುವುದನ್ನು ಬರಿಗಣ್ಣಿನಿಂದ ನೋಡಬೇಕೆನ್ನುವವರಿಗೆ ಬೀಟಾಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕ್ಷಾರೀಯ ನೀರಿನಲ್ಲಿ ಗುಲಾಬಿ ಬಣ್ಣ ತಳೆದ ಫಿನಾಫ್ತಲೀನ್‌ಗೆ ಚಿಟಿಕೆ ಸೈಕ್ಲೋಡೆಕ್ಸ್‌ಟ್ರಿನ್ ಹಾಕಿ ಕಲಕಿದರೆ ಬಣ್ಣ ಮಾಸುತ್ತದೆ, ಏಕೆಂದರೆ ಪೊಳ್ಳಿನೊಳಗೆ ಹೋದ ಬಣ್ಣದ ಅಣು ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ. ಆಮೇಲೆ ಅಡಮಂಟೇನ್ ಕಾರ್ಬಾಕ್ಸಿಲೇಟ್ ಎಂಬ ಇನ್ನೊಂದು ಅತಿಥಿಯನ್ನು ಸೇರಿಸಿದರೆ ಅದು ಫಿನಾಫ್ತಲೀನ್ ಅನ್ನು ಹೊರದಬ್ಬಿ ತಾನು ಒಳಗೆ ಕೂರುತ್ತದೆ, ಗುಲಾಬಿ ಮರಳುತ್ತದೆ. ತರಗತಿಯಲ್ಲಿ ಇದನ್ನು ತೋರಿಸಿದಾಗ ಸಮೀಕರಣಗಳು ಹೇಳಲಾಗದ್ದನ್ನು ಮಕ್ಕಳು ಒಂದೇ ನೋಟದಲ್ಲಿ ಹಿಡಿಯುತ್ತಾರೆ.

ಅಡಮಂಟೇನ್ ಕಾರ್ಬಾಕ್ಸಿಲೇಟ್‌ನಂಥ ಒಳ್ಳೆಯ ಅತಿಥಿಗೂ ಇಲ್ಲಿ ಬಂಧನ ಸ್ಥಿರಾಂಕ (ಹಿಡಿತ ಎಷ್ಟು ಬಿಗಿ ಎಂಬುದರ ಅಳತೆ) ಹತ್ತಾರು ಸಾವಿರದ ಆಸುಪಾಸಿನಲ್ಲೇ ಇರುತ್ತದೆ. ಏಳು ಗ್ಲೈಕೊಲ್‌ಯೂರಿಲ್ ಘಟಕಗಳ, ಕುಂಬಳಕಾಯಿ ಆಕಾರದ ಉಂಗುರವಾದ ಕುಕರ್ಬಿಟ್-7-ಯೂರಿಲ್ ಈ ಲೆಕ್ಕವನ್ನೇ ಬದಲಿಸುತ್ತದೆ. 2000ದಲ್ಲಿ ಕೊರಿಯಾದ ಕಿಮೂನ್ ಕಿಮ್ ಅವರ ತಂಡ ಐದು, ಏಳು ಮತ್ತು ಎಂಟು ಘಟಕಗಳ ರೂಪಗಳನ್ನು ಬೇರ್ಪಡಿಸುವವರೆಗೆ ಜನರ ಕೈಯಲ್ಲಿದ್ದುದು ನೀರಿನಲ್ಲಿ ಕರಗಲು ಒಲ್ಲದ ಆರು ಘಟಕಗಳ ರೂಪವೊಂದೇ. ಏಳರ ಪೊಳ್ಳಿನಲ್ಲಿರುವ ನೀರಿನ ಅಣುಗಳಿಗೆ ಬೇಕಾದಷ್ಟು ಹೈಡ್ರೋಜನ್ ಬಂಧಗಳು ಸಿಗುವುದಿಲ್ಲ. ಅತಿಥಿ ಬಂದು ಅವನ್ನು ಹೊರಗೆ ಕಳುಹಿಸಿದರೆ ಶಕ್ತಿಯ ಲಾಭ ದೊಡ್ಡದು. ಎರಡೂ ಬಾಯಿಗಳಲ್ಲಿರುವ ಕಾರ್ಬೊನಿಲ್‌ಗಳು (ಇಂಗಾಲ-ಆಮ್ಲಜನಕ ಗುಂಪುಗಳು) ಧನಾವೇಶವನ್ನು ಸೆಳೆಯುತ್ತವೆ. ಹೀಗಾಗಿ ಅಡಮಂಟೇನ್ ಅಮೋನಿಯಂಗೆ ಸ್ಥಿರಾಂಕ 10ರ 12ನೇ ಘಾತದ ಮಟ್ಟ ಮುಟ್ಟುತ್ತದೆ. ಒಂದು ಡೈಅಮಂಟೇನ್ ಅತಿಥಿಗಂತೂ ಅದು 10ರ 17ನೇ ಘಾತವನ್ನೂ ದಾಟಿದೆ.

ಇದರ ಪ್ರಾತ್ಯಕ್ಷಿಕೆಗೆ ನನ್ನ ಆಯ್ಕೆ ಬರ್ಬೆರಿನ್, ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿರುವ ಹಳದಿ ದ್ರವ್ಯ. ನೀರಿನಲ್ಲಿ ಅದು ನೇರಳಾತೀತ ದೀಪದ ಕೆಳಗೂ ಮಂಕಾಗಿಯೇ ಇರುತ್ತದೆ. ಕುಕರ್ಬಿಟ್-7-ಯೂರಿಲ್ ಸೇರಿಸಿದ ಕ್ಷಣ ಸೀಸೆ ಹಸಿರು ಹಳದಿಯಾಗಿ ಬೆಳಗುತ್ತದೆ. ಆದರೆ ಈ ಗ್ರಾಹಕದ ಜೊತೆ ಕೆಲಸ ಸಲೀಸಲ್ಲ. ಪುಡಿಯಲ್ಲಿ ನೀರು, ಆಮ್ಲ ಸೇರಿಕೊಂಡಿರುವುದರಿಂದ ತಕ್ಕಡಿಯ ತೂಕವನ್ನು ನಂಬುವಂತಿಲ್ಲ. ಕೋಬಾಲ್ಟೋಸೀನಿಯಂನಂಥ ಅತಿಥಿಯಿಂದ ಟೈಟ್ರೇಟ್ ಮಾಡಿ, ಅಂದರೆ ಅಳತೆ ಮಾಡಿ ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ನಿಜವಾದ ಪ್ರಮಾಣವನ್ನು ಕಂಡುಕೊಳ್ಳಬೇಕು. ದುಬಾರಿ ಬೇರೆ. ಬಿಗಿಯಾಗಿ ಹಿಡಿದದ್ದನ್ನು ಬಿಡಿಸುವುದೂ ಕಷ್ಟ, ನೀರನ್ನು ಒಲ್ಲದ ಬಾಲ ಕಟ್ಟಿ ಈ ಗ್ರಾಹಕವನ್ನು ಉಭಯಪ್ರೇಮಿಯನ್ನಾಗಿಸುವುದು (ಒಂದು ತುದಿ ನೀರಿಗೆ ಒಲಿದು ಇನ್ನೊಂದು ಒಲ್ಲದಂತೆ ಮಾಡುವುದು) ಇನ್ನೂ ಕಷ್ಟ.

ಈಗ ನನಗೆ ಅತಿ ಪ್ರಿಯವಾದದ್ದು: ಸಲ್ಫೋನೇಟ್ ಕ್ಯಾಲಿಕ್ಸ್-4-ಅರೀನ್, ನಾಲ್ಕು ಡೊಡೆಸಿಲ್ (ಹನ್ನೆರಡು ಇಂಗಾಲಗಳ ಸರಪಳಿ) ಬಾಲಗಳೊಂದಿಗೆ. ನಾಲ್ಕು ಬೆಂಜೀನ್ ಉಂಗುರಗಳ ಬಟ್ಟಲು; ಬಾಯಂಚಿನಲ್ಲಿ ನೀರನ್ನು ಒಲಿಯುವ ನಾಲ್ಕು ಸಲ್ಫೋನೇಟ್‌ಗಳು, ಬುಡದಲ್ಲಿ ನೀರನ್ನು ಒಲ್ಲದ ಬಾಲಗಳು. ಉದ್ದ ಬಾಲ ಉಂಗುರದೊಳಗೆ ತೂರಲಾರದ್ದರಿಂದ ಉಂಗುರಗಳು ಮಗುಚುವುದಿಲ್ಲ, ಬಟ್ಟಲಿನ ಆಕಾರ ನಿಲ್ಲುತ್ತದೆ. ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನ್‌ನಂಥ, ಧನಾವೇಶದ ಅಮೋನಿಯಂ ಅತಿಥಿಗಳು ಇದಕ್ಕೆ ಒಪ್ಪುತ್ತವೆ.

ನಿರ್ಣಾಯಕ ಸಾರತೆ ದಾಟುತ್ತಲೇ ಬಾಲಗಳು ಒಂದಕ್ಕೊಂದು ಅಂಟಿ, ಬಾಲ ಒಳಗೆ ಬಟ್ಟಲು ಹೊರಗೆ ಇರುವ ಪುಟ್ಟ ಗುಂಪುಗಳಾದ ಮೈಸೆಲ್‌ಗಳಾಗುತ್ತವೆ. ಅಲ್ಲಿಂದ ಎಲ್ಲ ಅಳತೆಗಳ ಅರ್ಥವೂ ಬದಲಾಗುತ್ತದೆ. ಮೈಸೆಲ್‌ನ ಮೈಮೇಲೆ ಋಣಾವೇಶ ಒತ್ತಾಗಿರುವುದರಿಂದ ಧನಾವೇಶದ ಅತಿಥಿಗಳು ಬಟ್ಟಲಿಗೆ ಇಳಿಯದೆ ಹೊರಗೇ ಅಂಟಿಕೊಳ್ಳಬಹುದು. ನೈಲ್ ರೆಡ್‌ನಂಥ ನೀರನ್ನು ಒಲ್ಲದ ಬಣ್ಣವಂತೂ ನೇರವಾಗಿ ಬಾಲಗಳ ನಡುವೆ ಹೋಗಿ ಸೇರುತ್ತದೆ. ಆದ್ದರಿಂದ ಪ್ರತಿದೀಪ್ತಿ (ದೀಪದ ಕೆಳಗೆ ಅಣು ಬೀರುವ ಬೆಳಕು) ಬದಲಾಯಿತು ಎಂದ ಮಾತ್ರಕ್ಕೆ ಅತಿಥಿ ಬಟ್ಟಲಿನಲ್ಲಿದೆ ಎಂದು ನಾನು ಒಪ್ಪುವುದಿಲ್ಲ. ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸುತ್ತಲಿನ ಪರಿಸರವನ್ನು ತೋರಿಸುವ ವಿಧಾನ) ರೋಹಿತದಲ್ಲಿ ಅತಿಥಿಯ ಮೀಥೈಲ್ ಶೃಂಗ ಬಲಕ್ಕೆ, ಅಂದರೆ ಬೆಂಜೀನ್ ಉಂಗುರಗಳ ಮರೆಗೆ ಬಂದಾಗ ಸರಿಯುವ ದಿಕ್ಕಿಗೆ, ಚೆನ್ನಾಗಿ ಸರಿದಿರಬೇಕು. ಬಂಧನದ ಉಷ್ಣವನ್ನು ಅಳೆಯುವ ಕ್ಯಾಲೊರಿಮಾಪಕದಲ್ಲಿಯೂ ಎಚ್ಚರ ಬೇಕು: ಗಾಢ ದ್ರಾವಣವನ್ನು ಸಿರಿಂಜಿನಿಂದ ಬಿಟ್ಟಾಗ ಮೈಸೆಲ್‌ಗಳು ಒಡೆಯುವ ಉಷ್ಣವೂ ಬಂಧನದ ಉಷ್ಣದ ಜೊತೆ ಬೆರೆಯುತ್ತದೆ. ಬರಿಯ ಬಫರ್‌ಗೆ (ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣಕ್ಕೆ) ಅದೇ ದ್ರಾವಣವನ್ನು ಬಿಟ್ಟು ಪಡೆದ ವಕ್ರರೇಖೆ ಕೈಯಲ್ಲಿಲ್ಲದಿದ್ದರೆ ಆ ಸ್ಥಿರಾಂಕಕ್ಕೆ ಬೆಲೆಯಿಲ್ಲ.

ಇಷ್ಟು ತೊಡಕಿದ್ದರೂ ನಾನು ಇದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ಬಂಧನ ಮತ್ತು ಜೋಡಣೆ ಒಂದನ್ನೊಂದು ನಿಯಂತ್ರಿಸಬಲ್ಲವು. ಬಾಲ ಗ್ರಾಹಕದಲ್ಲೇ ಇರಬೇಕೆಂದೂ ಇಲ್ಲ. 2012ರಲ್ಲಿ ಚೀನಾದ ನಾನ್‌ಕಾಯ್ ವಿಶ್ವವಿದ್ಯಾಲಯದ ತಂಡ ಬಾಲವಿಲ್ಲದ ಸಲ್ಫೋನೇಟ್ ಕ್ಯಾಲಿಕ್ಸರೀನ್‌ಗೆ ಉದ್ದ ಬಾಲದ ಮಿರಿಸ್ಟಾಯ್ಲ್‌ಕೋಲಿನ್ ಎಂಬ ಅತಿಥಿಯನ್ನು ಜೊತೆಮಾಡಿ ಕೋಶಿಕೆಗಳನ್ನು (ಒಳಗೆ ದ್ರವ ತುಂಬಬಹುದಾದ ಸೂಕ್ಷ್ಮ ಚೀಲಗಳನ್ನು) ಕಟ್ಟಿತು. ಕೋಲಿನೆಸ್ಟರೇಸ್ ಕಿಣ್ವ ಅತಿಥಿಯ ಬಾಲವನ್ನು ಕತ್ತರಿಸಿದಾಗ ಕೋಶಿಕೆ ಕಳಚಿಕೊಂಡು ಒಳಗಿದ್ದದ್ದನ್ನು ಬಿಟ್ಟಿತು. ಔಷಧವನ್ನು ಹೊತ್ತೊಯ್ದು ತಕ್ಕ ಜಾಗದಲ್ಲಿ ಇಳಿಸುವ ಕನಸಿಗೆ ಬಿಗಿಹಿಡಿತಕ್ಕಿಂತ ಈ ಗುಣವೇ ಹತ್ತಿರ.

ಸೈಕ್ಲೋಡೆಕ್ಸ್‌ಟ್ರಿನ್‌ಗೂ ಬಾಲ ಕಟ್ಟಬಹುದು. ರಸಾಯನವಿಜ್ಞಾನಿಗಳಾದ ರಾವೂ ಮತ್ತು ಡಾರ್ಸಿ 2000ದಲ್ಲೇ ಹಾಗೆ ಕೋಶಿಕೆಗಳನ್ನು ಮಾಡಿದ್ದರು. ಉಪ್ಪಿನಂಶವಿರುವ ದ್ರಾವಣದಲ್ಲಿ ನಾನು ಆ ಕುಟುಂಬಕ್ಕೇ ಮರಳುತ್ತೇನೆ. ಸೋಡಿಯಂ ಅಯಾನುಗಳು ಕುಕರ್ಬಿಟ್ಯೂರಿಲ್‌ನ ಬಾಯಿಯಲ್ಲಿ ಕೂತು ಅತಿಥಿಯೊಡನೆ ಸ್ಪರ್ಧಿಸುತ್ತವೆ, ಕ್ಯಾಲಿಕ್ಸರೀನ್‌ನ ಸಲ್ಫೋನೇಟ್‌ಗಳ ಬಳಿಯೂ ಸುಳಿಯುತ್ತವೆ. ಆವೇಶವಿಲ್ಲದ ಸೈಕ್ಲೋಡೆಕ್ಸ್‌ಟ್ರಿನ್ ಅವುಗಳನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರನ್ನೂ ಹೋಲಿಸುವವರು ಒಂದೇ ಬಫರ್, ಒಂದೇ ಉಪ್ಪಿನ ಪ್ರಮಾಣ, ಒಂದೇ ಉಷ್ಣತೆ ಇಟ್ಟುಕೊಂಡು ಅಳೆಯಲಿ. ಶುದ್ಧ ನೀರಿನ ಅಂಕಿಯನ್ನೂ ಉಪ್ಪುನೀರಿನ ಅಂಕಿಯನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುವುದು ಬೇಡ.