ಎರಡನೇ ಸಲದ ಕಳ್ಳನಿಗೆ ಒಂದು ವರ್ಷ: ಡಬ್ಬದ ಮೇಲೆ ಖಾರ, ಒಳಗೆ?

ಅಂಗಡಿ ನಡೆಸುವವರು ಟ್ರೇಡ್ ಲೈಸೆನ್ಸು, ಜಿಎಸ್‌ಟಿ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸಣ್ಣ ಕಳ್ಳತನದ ದೂರು ಅಂದರೆ ಮಾತ್ರ ‘ಅಯ್ಯೋ ಬಿಡಿ ಸ್ವಾಮಿ’. ಅದೂ ಸರ್ಕಾರ ಕೊಡುವ ಒಂದು ಸೇವೆಯೇ. 2024ರ ಜುಲೈ 1ರಂದು ಹಳೆಯ ದಂಡಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದರ ಒಳಗಿನ ಯಂತ್ರ ಬದಲಾಗಿದೆ. ಮೈಸೂರಿನ ಅರಸು ರಸ್ತೆ, ಸಂತೇಪೇಟೆ, ಮಂಡ್ಯದ ಪೇಟೆ ಬೀದಿಯಲ್ಲಿ ಗಲ್ಲಾದ ಮುಂದೆ ಕೂರುವವರು ಹೊಸ ಮಿಕ್ಸಿ ಕೊಳ್ಳುವಾಗಿನ ಎಚ್ಚರದಲ್ಲೇ ಇದನ್ನೂ ತಿರುಗಿಸಿ ನೋಡಬೇಕು.

ಡಬ್ಬದ ಮೇಲಿನ ಬರಹ ಬಲು ಖಾರ. ಕಲಂ 303(2)ರಲ್ಲಿ ಮಾಮೂಲಿ ಕಳ್ಳತನಕ್ಕೆ 3 ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸಜೆ, ಮೇಲೆ ದಂಡ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಯಾಗುತ್ತಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆ ಮಾತ್ರ. ಕೂಲಿಯಿಲ್ಲದೆ ಊರಿನ ಕೆಲಸ. ಹಳೆಯ ದಂಡಸಂಹಿತೆಯ 379ರಲ್ಲಿ ಈ ಎರಡು ತುದಿಯೂ ಇರಲಿಲ್ಲ.

ಒಳಗೆ ಕೈ ಹಾಕಿದರೆ ಮೊದಲು ತಗಲುವುದು ‘ಶಿಕ್ಷೆ’ ಎಂಬ ಪದ. ಎರಡನೇ ಸಲ ಸಿಕ್ಕಿಬಿದ್ದರೆ ಅಂತ ಕಾನೂನು ಹೇಳಿಲ್ಲ, ಎರಡನೇ ಸಲ ಶಿಕ್ಷೆಯಾದರೆ ಅಂತ ಹೇಳಿದೆ. ಹತ್ತು ಅಂಗಡಿಯಲ್ಲಿ ಸಿಕ್ಕಿ, ಹತ್ತು ಕಡೆಯೂ ಕೈಮುಗಿದು ದುಡ್ಡು ಕಟ್ಟಿ ಹೋದವನು ಕಾನೂನಿನ ಕಣ್ಣಲ್ಲಿ ಇನ್ನೂ ಮೊದಲ ಸಲದವನೇ.

ಎರಡನೆಯದು ಕಲಮಿನ ಆಯ್ಕೆ. ಮನೆ ಅಥವಾ ಮಾಲು ಇಟ್ಟುಕೊಳ್ಳುವ ಕಟ್ಟಡದ ಒಳಗಿನ ಕಳ್ಳತನಕ್ಕೆ 305 ಇದೆ, 7 ವರ್ಷದವರೆಗೆ. ಕೆಲಸದವನೇ ಯಜಮಾನನ ಮಾಲು ಎತ್ತಿದರೆ 306, ಅದಕ್ಕೂ 7 ವರ್ಷ. ಐದು ಸಾವಿರದ ರಿಯಾಯಿತಿ ಇವೆರಡಕ್ಕೂ ಇಲ್ಲ. ಅಂಗಡಿಯೊಳಗಿನ ರ‍್ಯಾಕಿನಿಂದ 600 ರೂಪಾಯಿಯ ಚೂಡಿದಾರ್ ಹೋದದ್ದಕ್ಕೂ, ಹೊರಗೆ ಫುಟ್‌ಪಾತಿನಲ್ಲಿ ಹ್ಯಾಂಗರಿಗೆ ನೇತುಹಾಕಿದ ಅದೇ ಚೂಡಿದಾರ್ ಹೋದದ್ದಕ್ಕೂ ಇರುವ ಅಂತರ ಇಷ್ಟು ದೊಡ್ಡದು. ದೂರಿನಲ್ಲಿ ‘ನಮ್ಮ ಅಂಗಡಿಯಲ್ಲಿ’ ಎಂದು ಗೀಚಿ ಬಿಟ್ಟರೆ ಠಾಣೆಯಲ್ಲಿ ಸಲೀಸಾಗಿ 303 ಬೀಳುತ್ತದೆ. ಶಟರಿನ ಒಳಗೆ, ಎಷ್ಟನೇ ಸಾಲಿನ ರ‍್ಯಾಕು, ಎಷ್ಟು ಗಂಟೆಗೆ ಎಂದು ಬರೆಯಿರಿ.

303ರಲ್ಲಿ 5,000ದೊಳಗಿನ ಮಾಲಾದರೆ ಅದು ಅಸಂಜ್ಞೇಯ ಪ್ರಕರಣ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಲಾಗದಂಥದ್ದು; ಜಾಮೀನೂ ಹಕ್ಕು. ಎಫ್‌ಐಆರ್ ಆಗದೆ ಎನ್‌ಸಿಆರ್ (ಅಸಂಜ್ಞೇಯ ಪ್ರಕರಣದ ವರದಿ) ಆಗುತ್ತದೆ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಸ್ಟೇಷನ್ನಿನವರು ತಗೊಳ್ಳಲ್ಲ’ ಎಂಬ ಗೊಣಗಾಟದ ಅರ್ಧ ಪಾಲು ಇಲ್ಲಿಂದಲೇ ಬರುವುದು. ಎನ್‌ಸಿಆರ್ ನಂಬರು, ಹಿಂಬರಹ ಕೇಳಿ ಪಡೆಯುವುದು ಅಂಗಡಿಯವರ ಕೆಲಸ. ಬೆಲೆಗೆ ಖರೀದಿ ಬಿಲ್ಲು ಲಗತ್ತಿಸಿ. ಐದು ಸಾವಿರ ದಾಟಿಸಲು ಹಿಂದಿನ ವಾರ ಕಾಣೆಯಾದದ್ದನ್ನೂ ಸೇರಿಸಿ ಬರೆಯುವ ಚಟ ಕೆಲವರಿಗಿದೆ. ಪಾಟೀಸವಾಲಿನಲ್ಲಿ ಮೊದಲು ಕುಸಿಯುವುದು ಅದೇ ಲೆಕ್ಕ.

ಆನ್‌ಲೈನ್ ದೂರು ಚೆನ್ನಾಗಿದೆ. ಕಳಿಸಿದ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಮರೆತರೆ ದಾಖಲಾಗುವುದಿಲ್ಲ. ಎಫ್‌ಐಆರ್ ಆದರೆ ಪ್ರತಿ ಉಚಿತ.

ಹಿಡಿದವನನ್ನು ಏನು ಮಾಡುವುದು? ಕಂಬಕ್ಕೆ ಕಟ್ಟಿ ವಿಡಿಯೊ ಮಾಡಿದರೆ ಅಂಗಡಿಯವನೇ ಎರಡನೇ ಪ್ರಕರಣದ ಆರೋಪಿ. ಕಣ್ಣೆದುರೇ ನಡೆದ, ಜಾಮೀನಿಲ್ಲದ ಸಂಜ್ಞೇಯ ಅಪರಾಧಕ್ಕೆ ಮಾತ್ರ ಖಾಸಗಿಯವರು ಹಿಡಿದಿಡಬಹುದು. ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಫುಟ್‌ಪಾತಿನ 600 ರೂಪಾಯಿ ಚೂಡಿದಾರಿಗೆ ಆ ಅಧಿಕಾರವೂ ಅನುಮಾನ. 112ಕ್ಕೆ ಫೋನ್ ಮಾಡಿ ಸ್ಟೂಲು ಕೊಟ್ಟು ಕೂರಿಸುವುದೇ ಕ್ಷೇಮ.

ಸಾಕ್ಷ್ಯದ ವಿಭಾಗಕ್ಕೆ ಬಂದರೆ, ಸಿಸಿ ಕ್ಯಾಮೆರಾ ಹಾಕಿಸಿದವರಲ್ಲೂ ಹಲವರು ಇಲ್ಲಿ ಎಡವುತ್ತಾರೆ. 2 ಮೆಗಾಪಿಕ್ಸೆಲಿನ 4 ಕ್ಯಾಮೆರಾ, ತಲಾ 2 ಎಂಬಿಪಿಎಸ್‌ನಲ್ಲಿ ಹಗಲುರಾತ್ರಿ ಓಡಿದರೆ ದಿನಕ್ಕೆ ಸುಮಾರು 86 ಜಿಬಿ. ಒಂದು ಟಿಬಿ ಡಿಸ್ಕು 11 ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯಲು ಶುರು ಮಾಡುತ್ತದೆ. ಅಷ್ಟರೊಳಗೆ ತೆಗೆದಿಡದಿದ್ದರೆ ಕ್ಯಾಮೆರಾ ಇದ್ದೂ ಇಲ್ಲ. ಇನ್ನೊಂದು ತೊಡಕು ಗಡಿಯಾರದ್ದು. ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಒಳಗಿನ ಬಟನ್ ಸೆಲ್ ಸತ್ತಿರುತ್ತದೆ, ಕರೆಂಟು ಹೋಗಿ ಬಂದಾಗೆಲ್ಲ ಸಮಯ ಹಿಂದೆ ಜಾರುತ್ತದೆ. ಬಿಲ್ಲಿನಲ್ಲಿ 7:40, ಪರದೆಯ ಮೂಲೆಯಲ್ಲಿ 5:12. ಆ ಒಂದೇ ಚೌಕಟ್ಟು ಸಾಕು ಎದುರಿನ ವಕೀಲರಿಗೆ. ಸೆಲ್ ಹಾಕಿಸಿ, ನೆಟ್ ಇದ್ದರೆ ಸಮಯವನ್ನು ತಾನೇ ಸರಿಪಡಿಸಿಕೊಳ್ಳುವ ಎನ್‌ಟಿಪಿ ಆನ್ ಮಾಡಿ. ಪೆನ್‌ಡ್ರೈವಿನ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಭಾಗ ಎ ನಿಮ್ಮದು, ಭಾಗ ಬಿ ತಜ್ಞರದು. ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಗುರುತು) ತುಂಬಬೇಕು. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೆಚ್ಚಿಕೊಂಡು ಕೂರಬೇಡಿ.

ಮಾಲು ವಾಪಸು ಬರುವ ಭಾಗ ಹಿಂದಿಗಿಂತ ಎಷ್ಟೋ ವಾಸಿ. ಮಾಲು ನ್ಯಾಯಾಲಯಕ್ಕೆ ಬಂದ 14 ದಿನದಲ್ಲಿ ಪಟ್ಟಿ, ಫೋಟೊ, ವಿಡಿಯೊ. ಅದಾದ 30 ದಿನದಲ್ಲಿ ವಿಲೇವಾರಿ ಆದೇಶ. ಕಾನೂನಿನಲ್ಲಿ ಇದೆ, ಆದರೂ ಅರ್ಜಿ ಹಾಕಿ ನೆನಪಿಸಬೇಕು.

ಇನ್ನು ರಾಜಿ. 303(2)ರ ಪ್ರಕರಣವನ್ನು ಮಾಲಿನ ಒಡೆಯ ರಾಜಿ ಮಾಡಿಕೊಳ್ಳಬಹುದು. ನ್ಯಾಯಾಲಯಕ್ಕೆ ನಾಲ್ಕು ಸಲ ಅಲೆದ ಮೇಲೆ ಯಾರಿಗಾದರೂ ಸಾಕಾಗುತ್ತದೆ, ತಪ್ಪೇನಲ್ಲ. ರಾಜಿಯಾದರೆ ಆರೋಪಿ ಖುಲಾಸೆಯಾದಂತೆ, ಶಿಕ್ಷೆಯ ದಾಖಲೆ ಹುಟ್ಟುವುದಿಲ್ಲ. ಹಿಂದಿನ ಶಿಕ್ಷೆಯ ಕಾರಣಕ್ಕೆ ಹೆಚ್ಚುವರಿ ಶಿಕ್ಷೆಗೆ ಒಳಗಾಗಬೇಕಾದವನ ಜೊತೆ ರಾಜಿಗೆ ಅವಕಾಶವೇ ಇಲ್ಲ. ಬಾಗಿಲು ಮುಚ್ಚಿರುವುದೇನೋ ಸರಿ. ಆ ಬಾಗಿಲಿನವರೆಗೆ ಬರುವವರು ಕಡಿಮೆ.

ಬಂದವನಿಗೂ ಇನ್ನೊಂದು ಕಿಂಡಿ ಇದೆ. 20,000 ರೂಪಾಯಿವರೆಗಿನ ಕಳ್ಳತನಕ್ಕೆ ಸಂಕ್ಷಿಪ್ತ ವಿಚಾರಣೆ ನಡೆಯುತ್ತದೆ, ಆ ದಾರಿಯಲ್ಲಿ 3 ತಿಂಗಳಿಗಿಂತ ಹೆಚ್ಚು ಸಜೆ ಕೊಡುವಂತಿಲ್ಲ. ಒಂದು ವರ್ಷದ ಕನಿಷ್ಠ ಶಿಕ್ಷೆ ಬೇಕೆಂದರೆ ಪ್ರಕರಣ ಪೂರ್ಣ ವಿಚಾರಣೆಗೆ ಹೊರಳಬೇಕು. ಅದಕ್ಕೆ ಹಿಂದಿನ ಶಿಕ್ಷೆ ಇದೆಯೆಂದು ಯಾರಾದರೂ ಮೊದಲೇ ಹೇಳಬೇಕು.

ಈ ಖಾರ ನ್ಯಾಯವೇ ಎಂದರೆ, ಪೂರ್ತಿ ಅಂಕ ಕೊಡಲು ಮನಸ್ಸು ಒಪ್ಪುವುದಿಲ್ಲ. ಮೊದಲ ಸಲ 4,900 ರೂಪಾಯಿಯ ಮಾಲು ಕದ್ದವನು ಉದ್ಯಾನ ಗುಡಿಸಿ ಮನೆಗೆ ಹೋಗಬಹುದು. ಎರಡನೇ ಸಲ ಒಂದು ಪ್ಯಾಕೆಟ್ ಏಲಕ್ಕಿ ಎತ್ತಿದವನಿಗೆ ಒಂದು ವರ್ಷಕ್ಕಿಂತ ಇಳಿಸುವ ಅವಕಾಶ ಆ ಕಲಮಿನಲ್ಲಿಲ್ಲ. ದಸರಾ ಜನಜಂಗುಳಿಯಲ್ಲಿ ಗುಂಪು ಕಟ್ಟಿಕೊಂಡು ಬರುವವರಿಗೆ ಕಲಂ 112ರ ಸಣ್ಣ ಸಂಘಟಿತ ಅಪರಾಧ, 1ರಿಂದ 7 ವರ್ಷ, ಹೆಚ್ಚು ಹೊಂದುತ್ತದೆ. ಹಸಿದವನನ್ನೂ ಕಸುಬಿನವನನ್ನೂ ಒಂದೇ ತಕ್ಕಡಿಗೆ ಹಾಕುವುದು ಈ ಸರಕಿನ ತಯಾರಿಕೆಯ ದೋಷ.

ಕಸುಬಿನವನು ತಪ್ಪಿಸಿಕೊಳ್ಳುವುದೂ ದಾಖಲೆಯಲ್ಲೇ. ಹಿಂದಿನ ಶಿಕ್ಷೆಯ ದಿನಾಂಕ, ಸ್ಥಳ ದೋಷಾರೋಪದಲ್ಲಿ ಬರಬೇಕು, ಬಿಟ್ಟಿದ್ದರೆ ಶಿಕ್ಷೆ ಹೇಳುವ ಮೊದಲು ಸೇರಿಸಬೇಕು. ರುಜುವಾತಿಗೆ ಆ ತೀರ್ಪಿನ ದೃಢೀಕೃತ ನಕಲು ಇಲ್ಲವೇ ಜೈಲಿನ ಪತ್ರ ಬೇಕು, ಜೊತೆಗೆ ಇವನೇ ಅವನು ಎಂಬ ಸಾಕ್ಷ್ಯ. ಮಂಡ್ಯದಲ್ಲಿ ಒಂದು ಹೆಸರು, ಮೈಸೂರಿನಲ್ಲಿ ಇನ್ನೊಂದು, ತಂದೆಯ ಹೆಸರು ಮೂರನೆಯದು. ಬೆರಳಚ್ಚು ತಾಳೆ ನೋಡದಿದ್ದರೆ ಎಲ್ಲರೂ ಹೊಸಬರೇ. ನಿಮ್ಮ ಅಂಗಡಿಯ ಪ್ರಕರಣದಲ್ಲಿ ಶಿಕ್ಷೆಯಾದರೆ ಸಿಸಿ ನಂಬರು (ನ್ಯಾಯಾಲಯದ ಪ್ರಕರಣ ಸಂಖ್ಯೆ), ತೀರ್ಪಿನ ದಿನಾಂಕ, ಪ್ರಕರಣವನ್ನು ಕಂಪ್ಯೂಟರಿನಲ್ಲಿ ಹುಡುಕುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಇಷ್ಟನ್ನೂ ಸ್ಟಾಕ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಅದೇ ಮುಖ ಪಕ್ಕದ ಅಂಗಡಿಯಲ್ಲಿ ಸಿಕ್ಕಿಬಿದ್ದ ದಿನ ಅವರ ದೂರಿಗೆ ಆ ಮೂರು ಸಾಲು ಸೇರಿಸಿಕೊಡಿ.